ಬೈಲಪ್ಪನವರ ಮಧ್ಯಾಹ್ನದ ಬಸ್ಸು

ನಂದಗುಡಿಯ ನಮ್ಮ ಬೀದಿಯಿಂದ ಮಧ್ಯಾಹ್ನ ಊಟವಾದ ಮೇಲೆ ಒಂದು ಬಸ್ಸು ಹೊರಡುತ್ತಿತ್ತು. ಅದರ ಹಾರನ್ ನನ್ನ ಮನೆಯವರೆಗೂ ಕೇಳಿಸುತ್ತಿತ್ತು. ಊರಿಗೆ ಹೊಸಬರು ಯಾರಾದರೂ ಬಂದಿದ್ದರೆ ಎದ್ದು ಬಾಗಿಲಿಗೆ ಹೋಗಿ ನೋಡುತ್ತಿದ್ದರು. ಬೀದಿಯಲ್ಲಿ ಮಲಗಿದ ನಾಯಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಬಸ್ಸು ಇದ್ದದ್ದು ಪಕ್ಕದ ಮನೆ ಬೈಲಪ್ಪನವರ ಟಿವಿಯೊಳಗೆ.

ಬೈಲಪ್ಪ ಹೊಸಕೋಟೆಗೂ ನಂದಗುಡಿಗೂ ನಡುವೆ ಖಾಸಗಿ ಬಸ್ಸು ಓಡಿಸಿಯೇ ತಲೆ ನೆರೆಸಿಕೊಂಡ ಮನುಷ್ಯ. ಮಾಲೀಕರು ಬದಲಾದರು, ಕಂಡಕ್ಟರುಗಳು ಬದಲಾದರು, ಡ್ರೈವರ್ ಸೀಟಿನಲ್ಲಿ ಮಾತ್ರ ಅವರೇ. ಒಂದು ದಿನ ಪಕ್ಕದಿಂದ ಬಂದ ಸೈಕಲ್ ಅವರಿಗೆ ಕಾಣಲಿಲ್ಲ. ಸೈಕಲ್ಲಿನವನಿಗೆ ಮೊಣಕೈ ತರಚಿದ್ದಷ್ಟೇ. ಆದರೆ ಬೈಲಪ್ಪ ಅಂದೇ ಬಸ್ಸಿನ ಕೀಲಿಯನ್ನು ಮಾಲೀಕರ ಕೈಗಿಟ್ಟು ಕಣ್ಣಾಸ್ಪತ್ರೆಗೆ ಹೋದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ನರ ಸೊರಗುತ್ತಿದೆ, ನೋಟ ಅಂಚಿನಿಂದ ಒಳಕ್ಕೆ ಮುಚ್ಚಿಕೊಂಡು ಬರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ, ಇರುವುದನ್ನು ಹನಿ ಹಾಕಿ ಉಳಿಸಿಕೊಳ್ಳೋಣ ಎಂದರು ಡಾಕ್ಟರು. ಆವತ್ತಿನಿಂದ ಆ ಮನುಷ್ಯ ಜಗಲಿಯ ಮೇಲೆ ಕೂತು, ಹೋಗಿಬರುವ ಗಾಡಿಗಳ ಸದ್ದು ಕೇಳುತ್ತಾ ದಿನ ದೂಡುತ್ತಿದ್ದರು. 

ಅವರ ಮಗಳು ಮೋನಿಷಾ ಗಂಡ ಮುರಳಿಯ ಜೊತೆ ದೇವನಹಳ್ಳಿಯಲ್ಲಿರುತ್ತಾಳೆ, ಅವಳಿಗೆ ವಿಮಾನ ನಿಲ್ದಾಣದ ಸರಕು ವಿಭಾಗದಲ್ಲಿ ಕೆಲಸ. ಅವಳು ಎಲ್ಲಿಂದಲೋ ಟಿವಿಗೆ ಹಾಕಿ ಆಡುವ ಹಳೆಯ ಗೇಮ್ ಪೆಟ್ಟಿಗೆಯೊಂದನ್ನು ತಂದಳು. ಬೇರೆ ಆಟ ಓಡದಂತೆ ಕಂಪನಿ ಹಾಕಿದ್ದ ಬೀಗವನ್ನು ಅದರ ಮೊದಲಿನ ಮಾಲೀಕರೇ ಮುರಿದಿದ್ದರಂತೆ, ಹಾಗಾಗಿ ನಾವೇ ಮಾಡಿದ ಆಟವನ್ನೂ ಅದರಲ್ಲಿ ಓಡಿಸಬಹುದಿತ್ತು. ಅವಳು ಅಪ್ಪನನ್ನು ಎದುರಿಗೆ ಕೂರಿಸಿಕೊಂಡು ಕೇಳುತ್ತಾ ಹೋದಳು: ಊರು ದಾಟಿದ ಮೇಲೆ ತಿರುವು ಎಷ್ಟು, ದಿಣ್ಣೆ ಎಲ್ಲಿ, ಮೋರಿ ಎಲ್ಲಿ. ಬೈಲಪ್ಪ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ರಜೆ ಬಂದಾಗಲೆಲ್ಲ ಕೂತು ಅವಳು ಬಸ್ಸಿನ ಆಟವೊಂದನ್ನು ಕಟ್ಟಿ, ಹಳೆಯ ಹೊಸಕೋಟೆ ರಸ್ತೆಯನ್ನು ಆ ಪೆಟ್ಟಿಗೆಯೊಳಗೇ ಪೂರ್ತಿಯಾಗಿ ಹಾಸಿಬಿಟ್ಟಳು.

ಆ ಮಧ್ಯಾಹ್ನಗಳನ್ನು ನಾನು ಮರೆಯಲಾರೆ. ಕಿಟಕಿಗೆ ಹಳೆಯ ಸೀರೆಯೊಂದನ್ನು ಇಳಿಬಿಟ್ಟು, ಆ ಮಬ್ಬಿನಲ್ಲಿ ಬೈಲಪ್ಪ ಖಾಕಿ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂರುತ್ತಿದ್ದರು. ನಗಬೇಡಿ, ನಾನು ನಕ್ಕು ಬೈಸಿಕೊಂಡಿದ್ದೇನೆ. ಅವರ ಹೆಂಡತಿ ಮುತ್ತಮ್ಮ ಕೆಳಗೆ ಕೂತು ಅವರೆಕಾಯಿ ಸುಲಿಯುತ್ತಾ ತೂಕಡಿಸುತ್ತಿದ್ದರು. ನಾನು ಮಂಚದ ಮೇಲೆ ಒರಗಿಕೊಳ್ಳುತ್ತಿದ್ದೆ. ಫ್ಯಾನಿನ ಸದ್ದು ಯಾವುದು, ಎಂಜಿನ್ನಿನ ಸದ್ದು ಯಾವುದು ಎಂದು ಸ್ವಲ್ಪ ಹೊತ್ತಿಗೆ ತಿಳಿಯುತ್ತಿರಲಿಲ್ಲ. ಬಸ್ಸಿನಲ್ಲಿ ಒಬ್ಬರೂ ಇಲ್ಲ, ಆದರೂ ಪ್ರತಿ ಸ್ಟಾಪಿನಲ್ಲೂ ಅವರು ನಿಲ್ಲಿಸುತ್ತಿದ್ದರು. ಮುದುಕಿ ಹತ್ತುವಷ್ಟು ಹೊತ್ತು ಕಾಯುತ್ತಿದ್ದರು. ನಿದ್ದೆಗಣ್ಣಿನಲ್ಲಿ ನಾನು ಎಷ್ಟೋ ಸಲ ಪಕ್ಕಕ್ಕೆ ಸರಿದು ಯಾರಿಗೋ ಜಾಗ ಬಿಟ್ಟಿದ್ದೇನೆ.

ಆಯುಧ ಪೂಜೆ ಬಂತು. ಡ್ರೈವರ್ ಅಂದ ಮೇಲೆ ಗಾಡಿಗೆ ಪೂಜೆ ಮಾಡದೆ ಬಿಡುತ್ತಾರೆಯೇ? ಪೆಟ್ಟಿಗೆಗೆ ಸೇವಂತಿಗೆ ಹಾರ ಬಿತ್ತು, ಅರಿಶಿನ ಕುಂಕುಮ ಬಿತ್ತು. ಚಕ್ರ ಇಲ್ಲವಲ್ಲ, ಅದಕ್ಕೆ ಮೂಲೆಗೊಂದು ನಿಂಬೆಹಣ್ಣು. ಪೂಜೆಯಾದ ಮೇಲೆ ಗಾಡಿಯನ್ನು ಸ್ಟಾರ್ಟ್ ಮಾಡಿ ಒಂದಿಷ್ಟು ದೂರ ಓಡಿಸಲೇಬೇಕು. ಮೋನಿಷಾಗೆ ಹಬ್ಬದ ದಿನವೂ ಡ್ಯೂಟಿ. ಪೆಟ್ಟಿಗೆಗೆ ನೆಟ್ ಕೊಡಬೇಡಿ ಎಂದು ಅವಳು ಸಾರಿ ಸಾರಿ ಹೇಳಿದ್ದಳು. ಹಬ್ಬಕ್ಕೆ ಮೊದಲೇ ಬಂದಿಳಿದಿದ್ದ ಮುರಳಿ ಟಿವಿಯಲ್ಲಿ ಹಾಡು ಹಾಕಲೆಂದು ಅದಕ್ಕೆ ತನ್ನ ಮೊಬೈಲಿನ ನೆಟ್ ಕೊಟ್ಟು, ತಾನು ಬಾಳೆ ಎಲೆ ತರಲು ಹೋಗಿದ್ದ.

ಬೈಲಪ್ಪ ಗುಂಡಿ ಒತ್ತಿದರು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಬಂತು.

"ಏನೋ ಹೊಸದು ಬಂದೈತಂತೆ ಕಣೆ. ಹಾಕ್ಕೊಳ್ಳಾ ಅಂತ ಕೇಳ್ತೈತೆ."

"ಹಬ್ಬದ ದಿನ, ಅದೂ ಪೂಜೆ ಮುಂದೆ, ಬೇಡ ಅಂತಾರಾ? ಹೂಂ ಅನ್ನಿ," ಎಂದರು ಮುತ್ತಮ್ಮ.

ಅವರದು ತಪ್ಪಲ್ಲ. ಹಬ್ಬದ ದಿನ ನಮ್ಮ ಮನೆಗಳಲ್ಲಿ ಅಕ್ಕಿ ಖಾಲಿಯಾದರೂ ಇಲ್ಲ ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ಬೈಲಪ್ಪ ಹೂಂ ಅಂದರು. ಪರದೆಯ ಮೇಲೆ ನೀಲಿ ಗೆರೆ ಮೆಲ್ಲಗೆ ತುಂಬುತ್ತಿದ್ದರೆ ಗಂಡ ಹೆಂಡತಿ ಇಬ್ಬರೂ ಕೈ ಮುಗಿದುಕೊಂಡು ನಿಂತಿದ್ದರು. ಪೆಟ್ಟಿಗೆ ಮತ್ತೆ ಎದ್ದಾಗ ಎಲ್ಲ ಫಳಫಳ. ಬಸ್ಸಿನ ಚಿತ್ರದ ಮೇಲೆ ಮಾತ್ರ ಒಂದು ಬೀಗ. ಒತ್ತಿದರೆ ತೆರೆಯದು.

ಸಂಜೆ ಬಂದ ಮೋನಿಷಾ ಅದನ್ನು ನೋಡಿ ನೆಲದ ಮೇಲೆ ಕೂತುಬಿಟ್ಟಳು.

"ಅಪ್ಪ, ಇದರ ಒಳಗಿನ ಸಾಫ್ಟ್‌ವೇರ್ ಹೊಸದಾಗ್ಬಿಟ್ಟಿದೆ. ಹೊಸದು ನಮ್ಮ ಬಸ್ಸನ್ನ ಒಳಗೆ ಬಿಟ್ಕೊಳಲ್ಲ. ಹಳೇದಕ್ಕೆ ವಾಪಸ್ ಇಳಿಸ್ಬೇಕು."

"ರಿವರ್ಸ್ ಗೇರ್ ಹಾಕು."

"ಇದಕ್ಕೆ ರಿವರ್ಸ್ ಗೇರೇ ಇಟ್ಟಿಲ್ಲಪ್ಪ."

ರಿವರ್ಸ್ ಗೇರಿಲ್ಲದ ಬಂಡಿಯನ್ನು ಜನರ ತಲೆಗೆ ಕಟ್ಟಿದವರಿಗೆ ಏನನ್ನಬೇಕು? ಮನುಷ್ಯ ತನ್ನ ಮನೆಯಲ್ಲಿ ತನ್ನ ಪಾಡಿಗೆ ಬಸ್ಸು ಓಡಿಸಿಕೊಂಡಿದ್ದರೆ ಎಲ್ಲೋ ಕೂತವರಿಗೆ ಏನು ಸಂಕಟ? 

ಮೋನಿಷಾ ಸುಮ್ಮನಿರಲಿಲ್ಲ. ಹಳೆಯ ಸಾಫ್ಟ್‌ವೇರನ್ನು ಎಲ್ಲೆಲ್ಲೋ ಹುಡುಕಿ ಪೆನ್‌ಡ್ರೈವಿಗೆ ತುಂಬಿಕೊಂಡು ಬಂದಳು. ಇದು ನನ್ನಲ್ಲಿರುವುದಕ್ಕಿಂತ ಹಳೆಯದು, ತೆಗೆದುಕೊಳ್ಳುವುದಿಲ್ಲ ಎಂದಿತು ಪೆಟ್ಟಿಗೆ. ಬೇರೆ ಪೆನ್‌ಡ್ರೈವ್ ತಂದಳು, ಬೇರೆ ದಾರಿ ಹಿಡಿದಳು. ಪ್ರತಿ ಸಲವೂ ಅದೇ ಉತ್ತರ. ಇತ್ತ ಬೈಲಪ್ಪನವರ ಕೈ ತಗುಲಿ ಪಕ್ಕದಲ್ಲಿಟ್ಟ ಕಾಫಿ ಲೋಟ ಆಗಾಗ ಉರುಳತೊಡಗಿತು. ಮುತ್ತಮ್ಮ ನೇರ ಮುಂದೆ ಬಂದು ನಿಂತರೆ ಮಾತ್ರ ಅವರಿಗೆ ಕಾಣುತ್ತಿತ್ತು. ಒಂದು ಬೆಳಿಗ್ಗೆ ಜಗಲಿಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಪೂರ್ತಿ ಕತ್ಲಾಗೋದ್ರೊಳಗೆ ಒಂದೇ ಒಂದ್ ಟ್ರಿಪ್ ಹೊಡೆದ್ಬಿಡ್ಬೇಕು ಕಣಪ್ಪ. ಇನ್ನೇನೂ ಆಸೆ ಇಲ್ಲ."



ಕೊನೆಗೆ ಹೊಸಕೋಟೆಯಲ್ಲಿ ಸಿದ್ದರಾಜು ಎಂಬ ರಿಪೇರಿಯವನು ಸಿಕ್ಕಿದ. ನಾವೆಲ್ಲ ಪೆಟ್ಟಿಗೆ ಹೊತ್ತುಕೊಂಡು ಅವನ ಅಂಗಡಿಗೆ ಹೋದೆವು. ಅವನು ಇಂಥ ಪೆಟ್ಟಿಗೆಯನ್ನು ಒಮ್ಮೆ ಬದುಕಿಸಿದ್ದ, ಒಮ್ಮೆ ಕೊಂದೂ ಇದ್ದ. ಎರಡನ್ನೂ ಮುಚ್ಚುಮರೆಯಿಲ್ಲದೆ ಹೇಳಿದ.

"ಹೊಸದು ಬಂದ್ರೂ ಹಳೇದು ಪೂರ್ತಿ ಹೋಗಿರಲ್ಲ ಅಕ್ಕ. ಇದರ ಚಿಪ್ಪಲ್ಲಿ ಎರಡು ಅರ್ಧ ಇರುತ್ತೆ. ಒಂದರಲ್ಲಿ ಹೊಸದು ಕೂತಿದೆ, ಇನ್ನೊಂದರಲ್ಲಿ ಹಳೇದು ಮಲಗಿದೆ. ಬಿಚ್ಚಿ ಅದನ್ನ ಎಬ್ಬಿಸ್ಬೇಕು. ಹೆಚ್ಚುಕಮ್ಮಿ ಆದ್ರೆ ಪೆಟ್ಟಿಗೆ ಸತ್ತೋಗುತ್ತೆ, ಒಳಗಿರೋ ರಸ್ತೆನೂ ಹೋಗುತ್ತೆ. ಬೇರೆ ಕಡೆ ಕಾಪಿ ಇದ್ಯಾ?"

ಮೋನಿಷಾ ಇಲ್ಲವೆಂದು ತಲೆಯಾಡಿಸಿದಳು. ಅವಳ ಕಣ್ಣು ತುಂಬಿತ್ತು. ಬೇಡ, ಇನ್ನೊಂದು ದಾರಿ ನೋಡೋಣ ಎಂದು ಪೆಟ್ಟಿಗೆಗೆ ಕೈ ಹಾಕಿದಳು.

"ನಿಂತ ಗಾಡಿ ಇಟ್ಕೊಂಡು ಏನ್ಮಾಡ್ಲಿ ಮಗ?" ಎಂದರು ಬೈಲಪ್ಪ. "ಬಿಚ್ಚಪ್ಪ ನೀನು."

ಸಿದ್ದರಾಜು ಭೂತಗನ್ನಡಿಯ ಕೆಳಗೆ ತಲೆ ಬಗ್ಗಿಸಿದ. ನಾವು ಅಂಗಡಿಯ ಬೆಂಚಿನ ಮೇಲೆ ಕೂತೆವು. ಬೈಲಪ್ಪ ಗೋಡೆಗೊರಗಿ ಕಣ್ಣು ಮುಚ್ಚಿಕೊಂಡರು. ಅವರ ಬಲಗಾಲು ಮಾತ್ರ ಆಗಾಗ ನೆಲವನ್ನು ಒತ್ತುತ್ತಿತ್ತು, ಮತ್ತೆ ಸಡಿಲವಾಗುತ್ತಿತ್ತು. ಅದನ್ನೇ ನೋಡುತ್ತಾ ನನಗೂ ಮಂಪರು ಹತ್ತಿತು. ಎಚ್ಚರವಾದಾಗ ಸಿದ್ದರಾಜು ನಗುತ್ತಿದ್ದ, ಮೋನಿಷಾ ಅಳುತ್ತಿದ್ದಳು. ಪರದೆಯ ಮೇಲೆ ಬಸ್ಸಿನ ಚಿತ್ರವಿತ್ತು, ಬೀಗ ಇರಲಿಲ್ಲ.

ಮರುದಿನ ಮಧ್ಯಾಹ್ನ ಮತ್ತೆ ಕಿಟಕಿಗೆ ಸೀರೆ ಇಳಿಯಿತು. ಖಾಕಿ ಅಂಗಿ ತೊಟ್ಟು, ಹಾರನ್ ಹೊಡೆದು ಬೈಲಪ್ಪ ಹೊಸಕೋಟೆ ಬಿಟ್ಟರು. ನೇರ ರಸ್ತೆ ಇರುವ ತನಕ ಬಸ್ಸು ತೇಲಿಕೊಂಡು ಹೋಯಿತು. ಮೊದಲ ತಿರುವಿನಲ್ಲಿ ಮಣ್ಣಿಗಿಳಿಯಿತು. ಹಿಂದಕ್ಕೆ ತೆಗೆದು ಮತ್ತೆ ಹತ್ತಿಸಿದರು. ಮುಂದಿನ ತಿರುವಿನಲ್ಲೂ ಹಾಗೇ ಆಯಿತು. ತಿರುವು ಕಣ್ಣಿನ ನಡುವಿಗೆ ಬರುವ ತನಕ ಅವರಿಗೆ ಕಾಣುತ್ತಿರಲಿಲ್ಲ. ಅವರು ಬಸ್ಸನ್ನು ರಸ್ತೆಯಂಚಿಗೆ ನಿಲ್ಲಿಸಿದರು. 

ಆಮೇಲೆ ಅವರು ಆಟದ ರಿಮೋಟನ್ನು ಹೆಂಡತಿಯ ಮಡಿಲಿಗಿಟ್ಟರು.

"ನೀನು ಓಡ್ಸು. ನಾನು ಪ್ಯಾಸೆಂಜರ್."

"ಅಯ್ಯೋ, ನಂಗೇನ್ ಬರುತ್ತೆ? ಎಲ್ಲಾದ್ರೂ ಹಳ್ಳಕ್ಕೆ ಬೀಳ್ಸೇನು!"

"ಬಿದ್ರೆ ಎತ್ಕೊಳ್ಳೋಣ. ಮೆಲ್ಲಗೆ ಹೋಗು. ಅಲ್ಲ ಕಣೆ, ಇಷ್ಟು ವರ್ಷ ಓಡ್ಸಿದ್ರೂ ರಸ್ತೆ ಪಕ್ಕ ಏನೈತೆ ಅಂತ ಒಂದಿನ ನೋಡ್ಲಿಲ್ಲ ನಾನು. ಡ್ರೈವರ್ ಪಕ್ಕ ನೋಡಂಗಿಲ್ಲ. ನೀನು ಕಿಟಕಿ ಸೀಟ್ನೋಳು, ಏನೇನ್ ಕಾಣುತ್ತೆ ಹೇಳು."

ನಿಜ. ತರಕಾರಿ ಮೂಟೆ ಹೊತ್ತು ಹೊಸಕೋಟೆ ಸಂತೆಗೆ ಹೋಗುವಾಗೆಲ್ಲ ಮುತ್ತಮ್ಮ ಆ ಬಸ್ಸಿನ ಕಿಟಕಿಯ ಪಕ್ಕ ಕೂತವರು. ಆದರೆ ಈಗ ಪರದೆಯ ಮೇಲೆ ರಸ್ತೆಯ ಎರಡೂ ಕಡೆ ಬರೀ ಹಸಿರು ಬಣ್ಣ. ಅಪ್ಪ ಹೇಳಿದ್ದು ರಸ್ತೆಯೊಂದನ್ನೇ, ಮಗಳು ಮಾಡಿದ್ದೂ ರಸ್ತೆಯೊಂದನ್ನೇ. ಮೋನಿಷಾ ಅದನ್ನು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಎಮ್ಮೆಯ ಹಾಗೆ ಹೊರಟಿತು, ಮುತ್ತಮ್ಮ ಖಾಲಿ ಹಸಿರನ್ನು ನೋಡುತ್ತಾ ಮಾತು ಶುರುಮಾಡಿದರು.

"ಮುನಿಗಂಗಮ್ಮನ ಹೂವಿನ ತೋಟ ಬಂತು. ಚೆಂಡುಹೂ ಬಿಟ್ಟೈತೆ, ಹೊಲ ಎಲ್ಲಾ ಅರಿಶಿನ. ಅವಳು ಸೊಂಟಕ್ಕೆ ಮಡ್ಲು ಕಟ್ಕೊಂಡು ಕೀಳ್ತಾವ್ಳೆ. ಬಸ್ ನೋಡಿ ಕೈ ಬೀಸ್ತಾವ್ಳೆ. ಇಲ್ಲಿ ಕುಂಟೆ ನೀರಲ್ಲಿ ಪಿಳ್ಳಣ್ಣ ಎಮ್ಮೆ ತೊಳೀತಾವ್ನೆ. ಅಲ್ಲಿ ನೋಡಿ, ಹುಣಸೆ ಮರದ ಕೆಳಗೆ ಯಾರೋ ಬುತ್ತಿ ಬಿಚ್ಚಿ ಕೂತವ್ರೆ..."

ಮೋನಿಷಾ ಸದ್ದಿಲ್ಲದೆ ತಾಯಿಯ ಪಕ್ಕಕ್ಕೆ ಸರಿದಳು.

"ಅಮ್ಮ, ಹೂವಿನ ತೋಟ ಎಡಗಡೇನಾ, ಬಲಗಡೇನಾ?"

ಬೈಲಪ್ಪ ಕುರ್ಚಿಗೆ ಒರಗಿದ್ದರು. ಅವರ ಮುಖ ಟಿವಿಯ ಕಡೆ ಇರಲಿಲ್ಲ, ಹೆಂಡತಿಯ ದನಿಯ ಕಡೆ ತಿರುಗಿತ್ತು.

"ಟಿವೀಲಿ ಅಲ್ಲೇನೂ ಇಲ್ಲ ಅಂತ ನಂಗೊತ್ತು ಮಗ," ಎಂದರು. "ತೋಟ ಆಮೇಲೆ ಇಡುವಂತೆ. ಈಗ ಅವ್ಳು ಹೇಳ್ಲಿ, ಕಾಣ್ತಾ ಐತೆ."