ಒದ್ದೆ ಗೋಣಿಚೀಲ

ಇದರಲ್ಲಿ ಕೆಲವು ವಿವರ ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ನಾನು ಬೇಸಿಗೆ ಎಂದುಕೊಂಡಿರುವುದು ದೀಪಾವಳಿ ಕಳೆದ ಮೇಲಿನ ಬಿಸಿಲೂ ಆಗಿದ್ದೀತು. ಇವತ್ತು ಎದುರುಮನೆಯವರು ತೊಟ್ಟಿಯಲ್ಲಿ ಸುಣ್ಣ ನೆನೆಹಾಕಿದ್ದಾರೆ. ಆ ಬಿಸಿ ವಾಸನೆಗೆ ಕಿರಂಗೂರಿನ ಮಾವ ನೆನಪಾದರು.

ಮಾವ ಎಂದರೆ ಅಮ್ಮನ ತಮ್ಮ. ಬಡಗಿ ಮನೆತನದಲ್ಲಿ ಹುಟ್ಟಿ ಗಾರೆ ಕೆಲಸ ಹಿಡಿದವರು. ನಾನು ಎಂ.ಎ. ಓದುವಾಗ ಶ್ರೀರಂಗಪಟ್ಟಣದಲ್ಲಿ ಪುರಾತತ್ವ ಇಲಾಖೆಯವರು ಸುಲ್ತಾನರ ಕಾಲದ ಮನೆಯೊಂದನ್ನು ಅಗೆದು ತೆಗೆಯುತ್ತಿದ್ದರು. ೧೭೯೯ರಲ್ಲಿ ಕೋಟೆ ಬಿದ್ದಾಗಲೇ ಅದೂ ಕುಸಿದಿತ್ತಂತೆ. ಅಲ್ಲಿ ನಾನು ನಕ್ಷೆ ಬರೆಯುವವಳು, ಮಾವ ಗೋಡೆ ಕಾಯುವವರು. ಅಷ್ಟು ಕಾಲ ಹಸಿಮಣ್ಣಿನಲ್ಲಿದ್ದ ಗಾರೆ ಬಿಸಿಲು ಕಂಡರೆ ಒಮ್ಮೆಲೇ ಒಣಗಿ ಸಿಡಿಯುತ್ತದೆ. ಮಾವ ಅದಕ್ಕೆ ಒದ್ದೆ ಗೋಣಿಚೀಲ ಹೊದಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಗಾಳಿಗೆ ಬಿಡುತ್ತಿದ್ದರು.

"ಬಾಣಂತಿ ಇದ್ದಂಗೆ ಕಣವ್ವ. ಸೀದಾ ಬಿಸ್ಲಿಗೆ ಕರ್ಕೊಂಬರಕಾಯ್ತದಾ?"

ಒಂದು ಮೂಲೆಯ ಗಾರೆಯ ಮೇಲೆ ಅಂಗೈಯಗಲ ಹಸಿರು ಬಳ್ಳಿಯ ಚಿತ್ರ ಸಿಕ್ಕಿತು. ನೀರಿನ ಹೊಳಪಿಗೆ ಫೋಟೋದಲ್ಲಿ ಮೂಡುತ್ತಿರಲಿಲ್ಲ. ನನಗೋ ಪರೀಕ್ಷೆಯ ಪ್ರಬಂಧಕ್ಕೆ ಅದು ಬೇಕೇಬೇಕಿತ್ತು. "ಎರಡು ದಿನ ಚೀಲ ತೆಗೆದರೆ ಏನಾಗತ್ತೆ ಮಾವ?" ಎಂದೆ. ಎಂದೆನೆಂದು ನನ್ನ ನೆನಪು. ಅವತ್ತಿನ ಡೈರಿಯಲ್ಲಿ "ಬಿಸಿಲು ಚೆನ್ನಾಗಿದೆ" ಎಂದಷ್ಟೇ ಇದೆ.

ಫೋಟೋ ಚೆನ್ನಾಗಿ ಬಂತು. ಮೂರನೆಯ ದಿನ ಬಳ್ಳಿ ಹಪ್ಪಳದಂತೆ ಎದ್ದು, ಮುಟ್ಟುವ ಮೊದಲೇ ಉದುರಿತು. ಚೀಲ ತೆಗೆದವರು ಯಾರೆಂದು ಮೇಲ್ವಿಚಾರಕರು ಕೇಳಿದರು.

"ನಾನೇಯ ಸಾ. ಚೀಲ ಒದಿಸಾದ ಮರ್ತ್ಬುಟ್ಟೆ," ಎಂದರು ಮಾವ.

ನಾನು ಪಕ್ಕದಲ್ಲೇ ಅಳತೆ ಟೇಪು ಸುತ್ತುತ್ತಾ ನಿಂತಿದ್ದೆ. ಮರುದಿನದಿಂದ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. "ಏನ್ಲಾ, ಸುಲ್ತಾನನ ಗೋಡೆ ಉದುರುಸ್ಬುಟ್ಟಂತೆ?" ಎಂದು ಜೊತೆಯವರು ರೇಗಿಸಿದರು. ಆಮೇಲೆ ಮಾವ ಹಳೆಯ ಗೋಡೆ ಮುಟ್ಟಲೇ ಇಲ್ಲ. ಊರವರ ಕಾಂಪೌಂಡುಗಳಿಗೆ ಸಿಮೆಂಟು ಬಳಿದರು. ನನಗೆ ಫಸ್ಟ್ ಕ್ಲಾಸ್ ಬಂತು. ಮಾವ ಮರೆತರು ಎಂದು ಮನೆಯಲ್ಲೆಲ್ಲ ಹೇಳುತ್ತಿದ್ದರು, ನಾನೂ ಹೇಳಿದೆ. ಹೇಳಿ ಹೇಳಿ, ನಿಮಗೆ ನಗು ಬರಬಹುದು, ಸುಮಾರು ವರ್ಷ ನಾನೇ ಅದನ್ನು ನಂಬಿದ್ದೆ.

ಸುಣ್ಣದ ವಾಸನೆ ಕೂರಗೊಡಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಕಿರಂಗೂರಿಗೆ ಹೋಗಿ ಫೋಟೋ ಮಾವನ ಕೈಗಿಟ್ಟೆ. ಕಣ್ಣಿನ ಹತ್ತಿರ ಹಿಡಿದು, "ಬಣ್ಣ ಎಂಗಿತ್ತು ನೋಡವ್ವ," ಎಂದರು. ಆಮೇಲೆ ಬಿಸಿಲು ತಾಗೀತು ಎಂಬಂತೆ ಬಳ್ಳಿಯ ಮೇಲೆ ಅಂಗೈ ಮುಚ್ಚಿ ಕೂತರು.

"ಮಾವ, ಚೀಲ ತೆಗಿ ಅಂದಿದ್ದು ನಾನೇ ಅಲ್ವಾ?"