ನಿಂತ ಕಾರಿನಲ್ಲಿ ಕೇಳಿದ ಗಾಳಿಯ ಸದ್ದು

ದೆವ್ವ, ಶಕುನ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ಎಂದೂ ನಂಬಿದವಳಲ್ಲ. ಯಾರಾದರೂ ಇಂಥ ಕಥೆ ಶುರು ಮಾಡಿದರೆ ಎದ್ದು ಹೋಗಿ ಹೊಲಿಗೆ ಮಷೀನಿನ ಮುಂದೆ ಕೂಡುತ್ತಿದ್ದೆ. ಈಗಲೂ ನಂಬುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನನ್ನ ಎರಡು ಕಿವಿಯಿಂದ ಕೇಳಿದ್ದನ್ನು ಕೇಳಲೇ ಇಲ್ಲ ಅನ್ನು ಎಂದರೆ ಅದನ್ನೂ ಅನ್ನುವುದಿಲ್ಲ. ಒಂಬತ್ತು ವರ್ಷದಿಂದ ಜನ ಆ ಮಾತನ್ನು ನನ್ನ ಬಾಯಿಂದ ಹೊರಡಿಸಲು ನೋಡುತ್ತಿದ್ದಾರೆ. ನಾನು ಕಲಿತದ್ದು ಮೂರನೆಯ ಇಯತ್ತೆ. ಬರೆಯುವುದು ನಿಧಾನ, ತಪ್ಪೂ ಆಗುತ್ತದೆ. ಆದರೂ ಬರೆಯುತ್ತೇನೆ. ಇದು ನನ್ನ ಮೊಮ್ಮಗಳ ವಿಷಯ, ಅವಳ ವಿಷಯ ಬಂತೆಂದರೆ ನನ್ನನ್ನು ಹಿಡಿಯುವವರಿಲ್ಲ.

ನಾವು ವಿಜಾಪುರದ ಕಡೆಯವರು. ಡೊಂಬಿವಲಿ ಸ್ಟೇಶನ್ನಿನ ಪೂರ್ವಕ್ಕೆ ನಮ್ಮದೊಂದು ಕುಶನ್ ಅಂಗಡಿ. ಕಾರು, ಟ್ಯಾಕ್ಸಿಗಳ ಸೀಟು ಹೊಲಿದು ಕೊಡುವುದು ಕೆಲಸ. ನಮ್ಮ ಮನೆಯವರು ರೆಕ್ಸಿನ್ ಕತ್ತರಿಸುವರು, ನಾನು ಹೊಲಿಯುವೆ. ಆದರೆ ನನಗೆ ಹೆಸರು ಬಂದದ್ದು ಹೊಲಿಗೆಯಿಂದಲ್ಲ, ಗಾಳಿಯ ಸದ್ದು ನಿಲ್ಲಿಸುವುದರಿಂದ. ಹಳೆಯ ಗಾಡಿಗಳು ಸ್ವಲ್ಪ ವೇಗ ಹಿಡಿದರೆ ಸಾಕು, ಒಂದು ಸಿಳ್ಳೆ ಹೊಡೆಯುತ್ತದೆ, ಇನ್ನೊಂದು ಬುಸುಗುಡುತ್ತದೆ. ವಾಶಿಯ ಖಾಡಿ, ಅಂದರೆ ಸಮುದ್ರದ ಹಿನ್ನೀರು, ಅದರ ಪೂಲು ದಾಟುವಾಗ ಪಕ್ಕದವರ ಮಾತೇ ಕೇಳುವುದಿಲ್ಲ ಎಂದು ಟ್ಯಾಕ್ಸಿಯವರು ಬಂದು ಅಳುತ್ತಿದ್ದರು. ನಾನು ಬಾಗಿಲಿನ ಸಂದಿಯಲ್ಲಿ ಪೇಪರಿನ ಪಟ್ಟಿ ಇಟ್ಟು, ಬಾಗಿಲು ಹಾಕಿ ಎಳೆದು ನೋಡುತ್ತಿದ್ದೆ. ಸಲೀಸಾಗಿ ಬಂದರೆ ಅಲ್ಲಿ ಸಂದಿ ಇದೆ. ಅಲ್ಲಿಗೆ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ ಸೊಲ್ಯೂಶನ್ ಹಚ್ಚಿ ಅಂಟಿಸುವುದು. ಮುಂದಿನ ತ್ರಿಕೋನ ಗಾಜಿನ ಸುತ್ತ ಹಳೆಯ ಕಂಬಳಿಯ ಅಂಚು. ಮೇಲಿನ ಕ್ಯಾರಿಯರ್ ಕೂಗಿದರೆ ಅದರ ಸರಳಿಗೆ ಸುತಳಿ ಸುತ್ತಿದರೆ ಸಾಕು, ಬಾಯಿ ಮುಚ್ಚುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಓದಲಿಲ್ಲ, ಯಾವ ಮೇಸ್ತ್ರಿಯೂ ಹೇಳಿಕೊಡಲಿಲ್ಲ. ಯಾವ ಸಂದಿಯಿಂದ ಎಂಥ ಸದ್ದು ಬರುತ್ತದೆ ಎನ್ನುವುದು ಕಣ್ಣು ಮುಚ್ಚಿಕೊಂಡರೂ ನನಗೆ ಗೊತ್ತು.

ನನಗೆ ಒಬ್ಬಳೇ ಮಗಳು, ಶಾಂತಾ. ಅವಳನ್ನು ಠಾಣೆಗೆ ಕೊಟ್ಟಿದ್ದೆವು. ಮದುವೆಯಾಗಿ ಏಳು ವರ್ಷ ಮಕ್ಕಳಿಲ್ಲ. ಎರಡು ಸಲ ಬಸಿರಾಗಿ ಇಳಿದುಹೋಯಿತು. ಮೂರನೆಯ ಸಲ ಠಾಣೆಯ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದರು, ಹೆಣ್ಣು ಕೂಸು. ಅಂಗೈ ಮೇಲೆ ಹಿಡಿಸುವಷ್ಟಿತ್ತು, ಆದರೆ ಕಣ್ಣು ನೋಡಬೇಕಿತ್ತು, ಎರಡು ಕಣ್ಣೂ ಅಗಲ ಬಿಟ್ಟು ನನ್ನನ್ನೇ ನೋಡಿತು! ನಾನು ವಾರ್ಡಿಗೆಲ್ಲ ಪೇಢೆ ಹಂಚಿದೆ. ಮುಗಿದ ಮೇಲೆ ಮತ್ತೆ ತಂದು ಹಂಚಿದೆ. "ಆಜಿ, ಸಕಾಳೀಚ ದಿಲಾ ನಾ?" ಎಂದು ನರ್ಸಬಾಯಿ ಕೇಳಿದಳು, ಬೆಳಿಗ್ಗೆಯೇ ಕೊಟ್ಟಿರಲ್ಲ ಎಂದು. ಕೊಟ್ಟರೇನಾಯಿತು, ಇನ್ನೊಂದು ತಿನ್ನು ಎಂದು ಅವಳ ಬಾಯಿಗೇ ಇಟ್ಟೆ.

ಬಾಣಂತನ ನಮ್ಮ ಮನೆಯಲ್ಲಿ. ಊರಿನಿಂದ ನನ್ನ ಗಂಡನ ಅಕ್ಕ ಕಾಶವ್ವ ಬಂದಿದ್ದಳು, ಎರೆಯಲು, ಕಾಸಲು. ನಮ್ಮ ಕಡೆ ಬಾಣಂತಿಗೆ, ಕೂಸಿಗೆ ಗಾಳಿ ತಾಗಬಾರದು ಎಂದು ಎಷ್ಟು ಕಟ್ಟುನಿಟ್ಟು ಎನ್ನುವುದು ಓದುವವರಿಗೆ ಗೊತ್ತೇ ಇದೆ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಖೋಲಿಯ ಕಿಟಕಿಗೆ ಗೋಣಿ.

"ಠಾಣಾದಿಂದ ಡೊಂಬಿವಲಿತನ ಖಾಡಿ ಗಾಳ್ಯಾಗ ಹಸಿ ಬಾಣಂತೀನ ತರ್ತೀಯೇನ?" ಎಂದಳು ಕಾಶವ್ವ. "ಒಂದ ಎಳಿ ಗಾಳಿ ಕಿವ್ಯಾಗ ಹೊಕ್ಕರ ಜಲಮಪೂರ್ತಿ ತಲಿಶೂಲಿ. ಕೂಸಂತೂ ತಡಕೊಳ್ಳೂದಿಲ್ಲ."

"ವೈನಿ, ಗಾಳಿ ನಿಲ್ಲಸೂದs ನನ್ನ ಉದ್ಯೋಗ ಐತಿ. ನೀವು ಖೋಲಿ ನೋಡಕೋರಿ, ಗಾಡಿ ನಾ ನೋಡಕೋತೀನಿ" ಎಂದೆ.

ಕಲ್ಯಾಣದ ಯಲ್ಲಪ್ಪ ನಮ್ಮ ಊರ ಕಡೆಯವನೇ, ಹಳೆಯ ಟ್ಯಾಕ್ಸಿ ಓಡಿಸುತ್ತಿದ್ದ. ಅದನ್ನು ಎರಡು ದಿನ ಅಂಗಡಿಯ ಮುಂದೆ ನಿಲ್ಲಿಸಿಕೊಂಡೆ. ನಾಲ್ಕೂ ಬಾಗಿಲಿಗೆ ಡಬಲ್ ಟ್ಯೂಬು. ಗಾಜುಗಳ ಸುತ್ತ ಕಂಬಳಿ. ಮುಂದೆ ಗಾಳಿ ಬರುವ ಜಾಳಿಗೆಯಲ್ಲಿ ಹತ್ತಿ ತುರುಕಿದೆ. ಡಿಕ್ಕಿಯ ಅಂಚನ್ನೂ ಬಿಡಲಿಲ್ಲ. ಕೊನೆಗೆ ಪೇಪರಿನ ಪಟ್ಟಿ ಎಳೆದರೆ ಹರಿಯುತ್ತಿತ್ತೇ ಹೊರತು ಬರುತ್ತಿರಲಿಲ್ಲ.

"ಅಕ್ಕಾರ, ಗಾಡಿ ಮಾಡಾಕತ್ತೀರೋ, ಉಪ್ಪಿನಕಾಯಿ ಭರಣಿ ಮಾಡಾಕತ್ತೀರೋ?" ಎಂದು ಯಲ್ಲಪ್ಪ ನಕ್ಕ.

ಚಳಿಗಾಲದ ಒಂದು ಮಧ್ಯಾಹ್ನ, ಸುಮಾರು ಮೂರು ಗಂಟೆಗೆ, ಠಾಣೆಯಿಂದ ಹೊರಟೆವು. ಯಲ್ಲಪ್ಪನ ಪಕ್ಕದಲ್ಲಿ ನಮ್ಮ ಮನೆಯವರು. ಹಿಂದೆ ಎಡಗಡೆಯ ಬಾಗಿಲಿಗೆ ಒರಗಿ ಶಾಂತಾ, ಅವಳ ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ನಾನು. ಬಾಗಿಲು ಹಾಕಿದರೆ ತಿಜೋರಿ ಹಾಕಿದ ಹಾಗೆ 'ಧಬ್' ಎಂದಿತು. ಒಳಗೆ ಸೊಲ್ಯೂಶನ್ನಿನ ಘಾಟು, ಶಾಂತಾಳ ಕೂದಲಿನ ಲೋಬಾನದ ವಾಸನೆ. ಸದ್ದೇ ಇಲ್ಲ.

"ನೀ ಬಾಯಿ ಮುಚಗೊಂಡ ಕುಂತಾಗೂ ನಮ್ಮ ಮನ್ಯಾಗ ಇಷ್ಟ ಶಾಂತ ಇರೂದಿಲ್ಲ ನೋಡ" ಎಂದರು ನಮ್ಮ ಮನೆಯವರು. ನನಗೆ ಹೆಮ್ಮೆಯಿಂದ ಎದೆ ಉಬ್ಬಿತ್ತು.

ಕಳವಾ ಪೂಲಿನ ಹತ್ತಿರ ಗಾಡಿಗಳು ಸಾಲಾಗಿ ನಿಂತುಬಿಟ್ಟಿದ್ದವು. ಎಂಜಿನ್ ಬಂದ್ ಮಾಡಿದರೆ ಮತ್ತೆ ಶುರುವಾಗುವ ಭರವಸೆ ಇಲ್ಲವೆಂದು ಯಲ್ಲಪ್ಪ ಅದನ್ನು ಚಾಲೂ ಇಟ್ಟೇ ಬಹಳ ಹೊತ್ತು ಕೂತ. ಶಾಂತಾ ನಿದ್ದೆ ಹೋದಳು. ಕೂಸೂ ಮಲಗಿತ್ತು. ಕಳವಾ ದಾಟಿ ಎಡಕ್ಕೆ ಖಾಡಿ, ಬಲಕ್ಕೆ ಗುಡ್ಡ ಬಂದಾಗ ಆ ಸದ್ದು ಶುರುವಾಯಿತು.

ತೆಳ್ಳಗಿನ ಸಿಳ್ಳೆ. ಎಡಗಡೆಯ ಹಿಂದಿನ ಬಾಗಿಲಿನಿಂದ. ನನಗೆ ಮೊದಲು ಬಂದದ್ದು ಭಯವಲ್ಲ, ಸಿಟ್ಟು. ನಾನು ಮುಚ್ಚಿದ ಬಾಗಿಲು ನನ್ನ ಮುಂದೆಯೇ ಸಿಳ್ಳೆ ಹೊಡೆಯುವುದೇ? ಬೆರಳನ್ನು ಎಂಜಲು ಮಾಡಿ ಬಾಗಿಲಿನ ಅಂಚಿಗೆಲ್ಲ ಹಿಡಿದೆ, ಗಾಳಿ ಇದ್ದರೆ ಬೆರಳು ತಣ್ಣಗಾಗುತ್ತದೆ. ಎಲ್ಲೂ ತಣ್ಣಗಾಗಲಿಲ್ಲ. ಕೈಯಿಂದ ಹುಡುಕುತ್ತ ಹೋದರೆ ಸದ್ದು ಬರುತ್ತಿದ್ದದ್ದು ಅಂಚಿನಿಂದಲೇ ಅಲ್ಲ, ಬಾಗಿಲಿನ ನಟ್ಟನಡುವಿನಿಂದ. ಅಲ್ಲಿ ಬರೀ ತಗಡು. ಗಾಳಿಯ ಸದ್ದಿಗೆ ಒಂದು ಸ್ವಭಾವ ಇರುತ್ತದೆ. ಗಾಡಿ ಓಡಿದರೆ ಏರುತ್ತದೆ, ನಿಧಾನವಾದರೆ ಇಳಿಯುತ್ತದೆ, ಪಕ್ಕದಲ್ಲಿ ಟ್ರಕ್ ಹಾದರೆ ಒಂದು ಗಳಿಗೆ ಮುರಿಯುತ್ತದೆ. ಎರಡು ಟ್ರಕ್ ಹಾದು ಹೋದವು. ಈ ಸದ್ದು ಏರಲಿಲ್ಲ, ಇಳಿಯಲಿಲ್ಲ, ಮುರಿಯಲೂ ಇಲ್ಲ.

"ಯಲ್ಲಪ್ಪಾ, ಗಾಡಿ ನಿಲ್ಲಸು. ಸಿಳ್ಳಿ ಹೊಡ್ಯಾಕತ್ತೈತಿ."

"ಎಲ್ಲಿ ಸಿಳ್ಳಿ ಅಕ್ಕಾರ? ನನಗೇನೂ ಕೇಳವಲ್ದು."

"ನನಗೂ ಕೇಳವಲ್ದು" ಎಂದರು ನಮ್ಮ ಮನೆಯವರು, ಆಕಳಿಸುತ್ತ. "ಇಕೀ ಕಿವ್ಯಾಗs ಒಂದ ಟ್ಯೂಬ್ ಹಚ್ಚಬೇಕಾಗೈತಿ. ನಡಿಯೋ, ಬಾಣಂತಿ ಕೂಡ ನಡು ದಾರ್ಯಾಗ ಯಾವನ ನಿಲ್ಲತಾನ?"

"ನಿಲ್ಲಸತೀಯೋ ಇಲ್ಲಾ ಓಡೂ ಗಾಡ್ಯಾಗs ಬಾಗಲಾ ತಗೀಲ್ಯೋ?" ಎಂದೆ. ನಾನು ಹಾಗೆ ಮಾಡುವವಳೇ ಎಂದು ಇಬ್ಬರಿಗೂ ಗೊತ್ತಿತ್ತು.

ಯಲ್ಲಪ್ಪ ಗೊಣಗುತ್ತ ಬದಿಗೆ ನಿಲ್ಲಿಸಿ ಎಂಜಿನ್ ಬಂದ್ ಮಾಡಿದ. ಗಾಡಿ ನಿಂತಿದೆ, ಎಂಜಿನ್ ನಿಂತಿದೆ, ಹೊರಗೆ ಖಾಡಿಯ ದಂಡೆಯ ಒಣ ಹುಲ್ಲಿನ ಒಂದು ಎಳೆಯೂ ಅಲ್ಲಾಡುತ್ತಿಲ್ಲ. ಗಾಳಿಯ ಸದ್ದು ಮಾತ್ರ ಹಾಗೆಯೇ ನಡೆದಿತ್ತು. ನಿಂತ ಗಾಡಿಗೆ ಗಾಳಿಯ ಸದ್ದು ಎಲ್ಲಿಂದ ಬರಬೇಕು?

ನನ್ನ ಕಡೆಯ ಬಾಗಿಲು ತೆರೆದೆ. ಸದ್ದು ಕತ್ತರಿಯಿಂದ ಕತ್ತರಿಸಿದ ಹಾಗೆ ನಿಂತಿತು. ಬಾಗಿಲು ಎಳೆದುಕೊಂಡೆ, ಮತ್ತೆ ಶುರು. ತೆರೆದೆ, ನಿಂತಿತು. ಹಾಕಿದೆ, ಶುರು. ಮೂರು ಸಲ ಹಾಗೆ ಮಾಡಿದೆ. ಮೂರನೆಯ ಸಲ ತೆರೆದವಳು ಮತ್ತೆ ಹಾಕಲಿಲ್ಲ.

"ಶಾಂತಾ, ಏಳವ್ವಾ, ಆ ಬಾಗಲಾ ನೋಡತೀನಿ, ಸ್ವಲ್ಪ ಸರಿ" ಎಂದು ಅವಳ ಭುಜ ಅಲುಗಿಸಿದೆ. ಏಳಲಿಲ್ಲ. ತಲೆ ಒಂದು ಕಡೆ ವಾಲಿತು. ಆಗ ತೊಡೆಯ ಮೇಲಿನ ಕೂಸಿನ ಕಡೆ ನೋಡಿದೆ. ಬೆರಳು ಕೊಟ್ಟರೆ ಗಟ್ಟಿಯಾಗಿ ಹಿಡಿಯುತ್ತಿದ್ದ ಕೈ ಬಟ್ಟೆಯ ಹಾಗೆ ಜೋತು ಬಿತ್ತು.

ನಾನು ಹೇಗೆ ಕೂಗಿದೆನೋ ಗೊತ್ತಿಲ್ಲ. ನಾಲ್ಕೂ ಬಾಗಿಲು ತೆರೆದೆವು. ಶಾಂತಾಳನ್ನು ಇಬ್ಬರೂ ಎತ್ತಿ ರಸ್ತೆಯ ಬದಿಯಲ್ಲಿ ಮಲಗಿಸಿದರು. ನಾನು ಕೂಸಿನ ಟೋಪಿ ಕಿತ್ತೆ, ಕಿವಿಯ ಹತ್ತಿ ಕಿತ್ತೆ, ಸುತ್ತಿದ ದುಪಟಿಯನ್ನೆಲ್ಲ ಬಿಚ್ಚಿ ಬರಿ ಮೈಯ ಕೂಸನ್ನು ಖಾಡಿಯ ಕಡೆಗೆ ಮುಖ ಮಾಡಿ ಹಿಡಿದುಕೊಂಡೆ. ಆಗೊಂದು ಗಾಳಿ ಬೀಸಿತು, ನಿಜವಾದ ಗಾಳಿ. ತಾಗಬಾರದು ಎಂದು ನಾನು ಎರಡು ದಿನ ಬೆವರು ಸುರಿಸಿದ್ದೆನಲ್ಲ, ಅದೇ ಗಾಳಿ. 'ತಗೋ, ಎಷ್ಟು ಬೇಕಷ್ಟು ತಗೋ' ಎಂದು ಅಂಗಾಲು ತಿಕ್ಕಿದೆ, ಬೆನ್ನು ತಟ್ಟಿದೆ. ಎಷ್ಟು ಹೊತ್ತಾಯಿತೋ. ಕೊನೆಗೆ ಮೂಗು ಸುಕ್ಕಾಯಿತು, ಬಾಯಿ ತೆರೆಯಿತು, ಆಮೇಲೆ ಅದು ಅತ್ತದ್ದು ಠಾಣೆಗೂ ಕೇಳಿರಬೇಕು. ಆ ಅಳುವಿಗೆ ಶಾಂತಾಳೂ ಕಣ್ಣು ತೆರೆದು, "ಅವ್ವಾ, ಕೂಸಿಗಿ ಥಂಡಿ ಆಗತೈತಿ" ಎಂದಳು. ನಾನು ಅಳುತ್ತ ನಗುತ್ತ ರಸ್ತೆಯ ಮೇಲೇ ಕೂತುಬಿಟ್ಟೆ. ಅತ್ತ ಯಲ್ಲಪ್ಪ ಬಗ್ಗಿ ವಾಂತಿ ಮಾಡುತ್ತಿದ್ದ.

ಹಿಂದಿನ ಸೀಟು ಎತ್ತಿ ನೋಡಿದರೆ ಕೆಳಗೆ ತಗಡು ತುಕ್ಕು ಹಿಡಿದು ಅಂಗೈ ಅಗಲ ತೂತು. ಅದರ ಕೆಳಗೆ ಹೊಗೆಯ ಪೈಪು ಒಡೆದಿತ್ತು. ಮೊದಲು ಆ ಹೊಗೆ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ನಾನು ಸಂದಿಯನ್ನೇ ಉಳಿಸಿರಲಿಲ್ಲ. ಸೊಲ್ಯೂಶನ್ನಿನ ಘಾಟಿನಲ್ಲಿ ಹೊಗೆಯ ವಾಸನೆ ಯಾರಿಗೂ ತಿಳಿಯಲಿಲ್ಲ. ಗಾಳಿ ಬರುವ ಕಡೆ ಎಲ್ಲ ನೋಡಿದವಳು ಕೂತ ಜಾಗದ ಕೆಳಗೆ ನೋಡಲಿಲ್ಲ. ತಪ್ಪು ನನ್ನದು. ಇದನ್ನು ನಾನು ಯಾರ ಮುಂದೂ ಮುಚ್ಚಿಟ್ಟಿಲ್ಲ.

ಮುಂಬ್ರಾದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದೆವು. ನೋಡಿ, ಈಗ ಭಯವಿಲ್ಲ, ಗಾಳಿಯಲ್ಲೇ ಇಡಿ ಎಂದರು. ಅಲ್ಲಿಂದ ಡೊಂಬಿವಲಿಯವರೆಗೆ ನಾಲ್ಕೂ ಗಾಜು ಕೆಳಗಿಳಿಸಿಕೊಂಡು, ಬಾಣಂತಿಯ ಕೂದಲು ಹಾರಾಡುತ್ತ ಬಂದೆವು. ಚಾಳಿನ ಮಂದಿಯೆಲ್ಲ ಬಾಗಿಲಲ್ಲಿ ನಿಂತಿದ್ದರು. ಕಾಶವ್ವ ಎದೆ ಬಡಿದುಕೊಂಡಳು, "ಕಿವಿ ಸುದ್ಧಾ ಮುಚ್ಚಿಲ್ಲಲ್ಲೇ, ನೀ ಹೆತ್ತ ತಾಯಿಯೇನ?" ಎಂದಳು.

"ಮುಚ್ಚಿದ್ದು ಸಾಕಾತು ವೈನಿ" ಎಂದೆ. ಮೊದಲು ಒಳಗೆ ಹೋಗಿ ಖೋಲಿಯ ಕಿಟಕಿಗೆ ಹೊಡೆದ ಗೋಣಿ ಕಿತ್ತು ಎಸೆದೆ. ಬಾಣಂತಿಗೆ ಒಂದು ಸೀನೂ ಬರಲಿಲ್ಲ.

ಇನ್ನು ಆ ಸದ್ದು. ಹೊಗೆ ತಲೆಗೇರಿದರೆ ಕಿವಿಯಲ್ಲಿ ಗುಂಯ್ ಎನ್ನುತ್ತದೆ, ಅಷ್ಟೇ ಎಂದರು ಡಾಕ್ಟರು. ಓದಿದವರು, ಅವರ ಮಾತು ತೆಗೆದುಹಾಕುವುದಿಲ್ಲ. ಆದರೆ ಹೊಗೆಯಿಂದ ಕಿವಿ ಕೂಗಿದ್ದರೆ ಬಾಗಿಲು ತೆರೆದ ಕೂಡಲೇ ನಿಂತು, ಹಾಕಿದ ಕೂಡಲೇ ಶುರುವಾಗುವುದು ಹೇಗೆ? ತಲೆಯೊಳಗಿನ ಸದ್ದು ಬಾಗಿಲಿನ ಮಾತು ಕೇಳುತ್ತದೆಯೇ? ಇದಕ್ಕೆ ಅವರು ನಕ್ಕುಬಿಟ್ಟರು. ಕಾಶವ್ವನ ಪ್ರಕಾರ ಸತ್ತ ನನ್ನ ಅತ್ತೆಯೇ ಬಂದು ಎಚ್ಚರಿಸಿದಳಂತೆ, ಹರಕೆ ಕಟ್ಟಬೇಕಂತೆ. ಬದುಕಿದ್ದಾಗ ನನ್ನನ್ನು ಒಂದು ಸಲ ಪ್ರೀತಿಯಿಂದ ಕರೆಯದ ಅತ್ತೆ ಸತ್ತ ಮೇಲೆ ಸಿಳ್ಳೆ ಹೊಡೆದು ಕರೆಯುತ್ತಾಳೆಯೇ? ನಾನು ಹರಕೆ ಕಟ್ಟಲಿಲ್ಲ, ನಿಂಬೆಹಣ್ಣು ನಿವಾಳಿಸಲಿಲ್ಲ. ನಮ್ಮ ಮನೆಯವರು ಮಾತ್ರ, "ನಿನ್ನ ಹಟಾನs ಸಿಳ್ಳಿ ಹೊಡದಿತ್ತು" ಎಂದು ಹೇಳಿ ಸುಮ್ಮನಾದರು.

ನಾನು ಸುಮ್ಮನಾಗಲಿಲ್ಲ. ಒಂದು ವರ್ಷದ ಮೇಲೆ, ಯಲ್ಲಪ್ಪ ಹೊಸ ಪೈಪು, ಹೊಸ ತಗಡು ಹಾಕಿಸಿದ ಮೇಲೆ, ಅದೇ ಗಾಡಿಯನ್ನು ಮೊದಲಿನ ಹಾಗೆಯೇ ಮುಚ್ಚಿದೆ. ಅದೇ ಚಳಿಗಾಲ, ಅದೇ ಹೊತ್ತು. ಗಾಜೆಲ್ಲ ಇಳಿಸಿಕೊಂಡು ಅದೇ ಜಾಗಕ್ಕೆ ಹೋದೆವು. ಎಂಜಿನ್ ಬಂದ್ ಮಾಡಿಸಿ, ಮೊಮ್ಮಗಳನ್ನು ಅಜ್ಜನ ಕೈಗೆ ಕೊಟ್ಟು ಇಬ್ಬರೂ ಗಂಡಸರನ್ನು ಹೊರಗೆ ನಿಲ್ಲಿಸಿ, ಗಾಜು ಏರಿಸಿ, ಬಾಗಿಲು ಹಾಕಿಕೊಂಡು ಒಬ್ಬಳೇ ಕೂತೆ. ಆ ಎಡಗಡೆಯ ಬಾಗಿಲಿನ ತಗಡಿಗೆ ಕಿವಿ ಒತ್ತಿದೆ.

ಏನೂ ಇಲ್ಲ. ನನ್ನ ಉಸಿರು ಮಾತ್ರ. ನೀನು ಯಾರೇ ಆಗಿರು, ಏನೇ ಆಗಿರು, ಒಂದು ಸಲ ಕೇಳಿಸು, ನಾನು ಹೆದರುವವಳಲ್ಲ ಎಂದು ಬಾಯಿಬಿಟ್ಟೇ ಹೇಳಿದೆ. ತಗಡು ತಗಡಾಗಿಯೇ ಇತ್ತು. ಅದು ಏನಿತ್ತೋ ನನಗೆ ಆವತ್ತೂ ತಿಳಿಯಲಿಲ್ಲ, ಇವತ್ತೂ ತಿಳಿದಿಲ್ಲ. ಇನ್ನೂ ಸ್ವಲ್ಪ ಕಾಯೋಣ ಎಂದು ತಲೆ ಎತ್ತಿದರೆ, ಹೊರಗೆ ಅಜ್ಜನ ಕೈಯಲ್ಲಿದ್ದ ಮೊಮ್ಮಗಳು ಗಾಜಿಗೆ ಎರಡೂ ಅಂಗೈ ಒತ್ತಿ, ನನ್ನನ್ನೇ ನೋಡುತ್ತ ಬಾಯಿ ತುಂಬ ನಗುತ್ತಿದ್ದಳು. ಹೊಸದಾಗಿ ಬಂದ ಎರಡು ಹಲ್ಲು ಕಾಣುತ್ತಿದ್ದವು, ಮೈಯೆಲ್ಲ ಕುಲುಕುತ್ತಿತ್ತು. ಆ ನಗು ಒಂದಿಷ್ಟೂ ಒಳಗೆ ಕೇಳಿಸುತ್ತಿರಲಿಲ್ಲ, ನಾನು ಅಷ್ಟು ಚೆನ್ನಾಗಿ ಮುಚ್ಚಿದ್ದೆ. ನನ್ನಿಂದ ತಡೆಯಲಾಗಲಿಲ್ಲ. ಬಾಗಿಲು ತೆರೆದುಬಿಟ್ಟೆ.