ಸರೋಜಮ್ಮ ದೊಡ್ಡೇರಿಗೆ ಹೋಗಿ ಕೇಳಿದ್ದು

ಸರೋಜಮ್ಮ ಮೂವತ್ತೊಂದು ವರ್ಷ ನರ್ಸ್ ಆಗಿದ್ದವರು. ನಿವೃತ್ತಿಯ ನಂತರ ಕೊರಟಗೆರೆಯ ಮನೆಯಲ್ಲಿ ಧಾರಾವಾಹಿ ನೋಡುತ್ತ, ಪರದೆಯ ಮೇಲೆ ಡ್ರಿಪ್ ತಪ್ಪಾಗಿ ಹಾಕಿದರೆ ಗೊಣಗುತ್ತ ಇದ್ದರು. ಅದು ಹೇಗೋ ತೇಜಸ್ವಿನಿಯ ಕಿವಿಗೆ ಬಿತ್ತು. ಮಧುಗಿರಿಯವಳಾದ ಆಕೆ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುತ್ತಿದ್ದಳು. ಕ್ಯಾನ್ಸರ್ ಬಂದವರ ಕೊನೆಯ ದಿನಗಳು ಹೇಗಿರುತ್ತವೆಂದು ಕೇಳಲು ಒಂದು ಬೆಳಗ್ಗೆ ಮನೆಗೇ ಬಂದಳು.

ಅವಳು ಬರೆದು ತಂದು ಓದಿ ಹೇಳಿದ ದೃಶ್ಯದಲ್ಲಿ ಒಬ್ಬ ಮೇಷ್ಟ್ರು ಸಾಯುತ್ತಿದ್ದ. ಅವನನ್ನು ಪ್ರೀತಿಸಿದ ಫೋಟೋ ಸ್ಟುಡಿಯೋದವನು ಬಾಗಿಲಲ್ಲಿ ನಿಂತು ಅಳುತ್ತಿದ್ದ. ಮೇಷ್ಟ್ರು ಪ್ರೀತಿಯ ಬಗ್ಗೆ ಒಂದು ಪುಟ ಮಾತಾಡಿ ಕಣ್ಣು ಮುಚ್ಚುತ್ತಿದ್ದ.

ಸರೋಜಮ್ಮ ಕೈಯೆತ್ತಿ ನಿಲ್ಲಿಸಿದರು. "ಬಾಗ್ಲಾಗೆ ನಿಂತು ಅಳೋನು ನೆಂಟ ಕಣಮ್ಮ. ಜೀವ ಇಟ್ಕಂಡೋನ್ಗೆ ಅಳಾಕೂ ಪುರ್ಸೊತ್ತಿರಲ್ಲ."

ಅಂಥವನನ್ನು ಎಲ್ಲಿ ನೋಡಿದಿರಿ ಎಂದಳು ತೇಜಸ್ವಿನಿ. ಸರೋಜಮ್ಮನಿಗೆ ಎಂಟು ವರ್ಷದ ಹಿಂದೆ ಆರೈಕೆಗೆ ಹೋಗುತ್ತಿದ್ದ ಒಂದು ಮನೆ ನೆನಪಾಯಿತು. ದೊಡ್ಡೇರಿಯ ಪರ್ವತಯ್ಯನಿಗೆ ಲಿವರ್ ಕ್ಯಾನ್ಸರ್. ಜೊತೆಗಿದ್ದವನು ಭೀಮರಾಜು, ಪಂಪ್‌ಸೆಟ್ ಮೋಟಾರು ರಿಪೇರಿ ಮಾಡುವವನು. ರೋಗಿಯ ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಒದ್ದೆ ಹತ್ತಿಯಿಂದ ತುಟಿ ಒರೆಸುವುದು, ಎಲ್ಲವನ್ನೂ ಸರೋಜಮ್ಮನಿಂದ ಕಲಿತುಕೊಂಡಿದ್ದ. ನೆಂಟರು ಬಂದರೆ ಮಾತ್ರ ಅಂಗಳಕ್ಕೆ ಹೋಗಿ ಕೂರುತ್ತಿದ್ದ. ಸರೋಜಮ್ಮ ರೋಗಿಗಳ ವಿವರ ಬರೆಯುವ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಸ್ನೇಹಿತ' ಎಂದು ಬರೆದಿದ್ದರು. ಬರೆಯುವಾಗಲೇ ಅನುಮಾನವಿತ್ತು. ಕೇಳಿರಲಿಲ್ಲ.

ಈಗ ಕೇಳದೆ ಇರಲಾಗಲಿಲ್ಲ. ಮರುದಿನವೇ ದೊಡ್ಡೇರಿಗೆ ಖಾಸಗಿ ಬಸ್ಸು ಹತ್ತಿದರು.

ಭೀಮರಾಜು ಅಂಗಡಿಯಲ್ಲಿ ತಾಮ್ರದ ತಂತಿ ಸುತ್ತುತ್ತಿದ್ದ. ಕಾಫಿ ತರಿಸಿದ. ಸರೋಜಮ್ಮ ಧಾರಾವಾಹಿಯ ವಿಷಯವೆಲ್ಲ ಹೇಳಿ, ಕೊನೆಗೆ, ಪರ್ವತಯ್ಯ ನಿನಗೆ ಏನಾಗಬೇಕಿತ್ತು ಎಂದು ನೇರವಾಗಿಯೇ ಕೇಳಿಬಿಟ್ಟರು.

ಅವನು ಒಂದು ಸುತ್ತು ಪೂರ್ತಿ ಮುಗಿಸಿದ. "ಹತ್ತೊಂಬತ್ತು ವರ್ಷ ಸಂಸಾರ ಮಾಡಿದ್ವಿ ಕಣಮ್ಮ. ಹಿಂಗೆ ಬಾಯ್ಬಿಟ್ಟು ಕೇಳಿದ್ದು ನೀವೇ ಮೊದ್ಲು."

ಆಮೇಲೆ ತಾನಾಗಿಯೇ ಮಾತಾಡಿದ. ಪರ್ವತಯ್ಯ ಕೊನೆಯಲ್ಲಿ ದೊಡ್ಡ ಮಾತೇನೂ ಆಡಿರಲಿಲ್ಲವಂತೆ. ಗಂಜಿಗೆ ಉಪ್ಪು ಜಾಸ್ತಿಯಾಯಿತೆಂದು ರೇಗಿ, ತಟ್ಟೆ ತಳ್ಳಿ, ಅರ್ಧ ಗಂಟೆಯ ಮೇಲೆ ಇವನ ಬೆರಳು ಹಿಡಿದು ನಿದ್ದೆ ಹೋಗಿದ್ದನಂತೆ. ಬೇಕಾದರೆ ತೇಜಸ್ವಿನಿ ಅದನ್ನು ಬರೆಯಲಿ, ಹೆಸರು ಮಾತ್ರ ಬೇಡ ಎಂದ.

ತೇಜಸ್ವಿನಿ ಒಂದು ಪುಟದ ಭಾಷಣ ಹರಿದು ಅದನ್ನೇ ಬರೆದಳು. ಚಾನೆಲ್ಲಿನವರು ಇಬ್ಬರನ್ನೂ ಬರೀ ಗೆಳೆಯರನ್ನಾಗಿ ಮಾಡು ಎಂದು ಎರಡು ವಾರ ಎಳೆದಾಡಿದರಂತೆ. ಅವಳು ಬಗ್ಗಲಿಲ್ಲ. ಇಬ್ಬರೂ ಅಪ್ಪಿಕೊಳ್ಳುವ ಒಂದು ದೃಶ್ಯ ಮಾತ್ರ ಹೋಯಿತು, ಗಂಜಿ ಮತ್ತು ಬೆರಳು ಉಳಿದವು.

ಅದು ಪ್ರಸಾರವಾದ ಸಂಜೆ ಸರೋಜಮ್ಮ ಭೀಮರಾಜುವಿನ ಮನೆಯಲ್ಲೇ ಟಿವಿ ಮುಂದೆ ಕೂತರು. ಪಕ್ಕದ ಮನೆಯ ಓಬಳಮ್ಮ ಅವರೆಕಾಯಿ ತಂದು ಬಿಡಿಸುತ್ತ ಕೂತಳು. ಸ್ಟುಡಿಯೋದವನು ಮೇಷ್ಟ್ರ ತುಟಿ ಒರೆಸುವುದನ್ನು ನೋಡುತ್ತ, "ಇವ್ರೂ ನಿಮ್ಮಿಬ್ರಂಗೇಯಾ ಭೀಮಣ್ಣ?" ಎಂದಳು.

ಭೀಮರಾಜು ಹೂಂ ಎಂದ.

ಓಬಳಮ್ಮ ಇನ್ನೊಂದು ಅವರೆಕಾಯಿ ಬಿಡಿಸಿದಳು. ಹಾಗಾದರೆ ಈ ಮೇಷ್ಟ್ರು ಸೋಮವಾರದ ಕಂತಿನವರೆಗಾದರೂ ಉಳಿಯುತ್ತಾನಾ ಎಂದು ಕೇಳಿದಳು. ತನಗೆ ಗೊತ್ತಿಲ್ಲವೆಂದು ಹೇಳಿ, ಭೀಮರಾಜು ಅವಳಿಗೂ ಕೇಳಿಸಲೆಂದು ಸದ್ದು ಜೋರು ಮಾಡಿದ.